ಮಣಿ ತಾತನ ಬರಿಗಾಲ ಪೆನಾಲ್ಟಿ

ಪೆನಾಲ್ಟಿ ತಡೆಯುವುದರಲ್ಲಿ ನನ್ನನ್ನು ಮೀರಿಸುವವನು ಏಷ್ಯಾದಲ್ಲೇ ಇಲ್ಲ. ಇವತ್ತು ಮೆಡಿಕಲ್ ಶಾಪಿನಲ್ಲಿ ಹೊಸ ಬ್ಯಾಂಡೇಜ್ ಬಟ್ಟೆಯ ವಾಸನೆಗೆ ಹಲಸೂರಿನ ಮಣಿ ತಾತ ನೆನಪಾದರು. ಹಿಂದೆ ಫ್ಯಾಕ್ಟರಿ ತಂಡದಲ್ಲಿ ಸಂಬಳಕ್ಕೆ ಬರಿಗಾಲಲ್ಲೇ ಫುಟ್‌ಬಾಲ್ ಆಡಿದವರು. ಬೂಟು ಕಡ್ಡಾಯವಾದಾಗ ಆಟವನ್ನೇ ಬಿಟ್ಟವರು. ಹುಡುಗನಾಗಿದ್ದಾಗ ರಜೆಗೆ ಹಳ್ಳಿಯಿಂದ ಅಲ್ಲಿನ ಅತ್ತೆ ಮನೆಗೆ ಬಂದಿದ್ದ ನಾನು, "ಈಗ ನನ್ನೆದುರು ಒಂದು ಗೋಲ್ ಹೊಡೀರಿ ನೋಡೋಣ, ತಾತ" ಎಂದು ಕೆಣಕಿ, ಊರಿಗೆ ಮರಳುವ ಬಸ್ ಚಾರ್ಜನ್ನೇ ಪಣಕ್ಕಿಟ್ಟೆ.

ತಾತ ಚಪ್ಪಲಿ ಬಿಟ್ಟು, ಹಳೇ ರೂಢಿಯಂತೆ ಪಾದಕ್ಕೆ ನಿಧಾನವಾಗಿ ಬ್ಯಾಂಡೇಜ್ ಪಟ್ಟಿ ಸುತ್ತಿದರು. ಮೈದಾನದ ಹುಡುಗರೆಲ್ಲ ಸುತ್ತ ನೆರೆದರು. ನಾನು ಗೋಲಿನ ನಡುವೆ ನಿಂತೆ.

"ನಿನ್ ಎಡಗಡೆಗೇ ಹೊಡೀತೀನಿ ತಂಬಿ, ಹಿಡ್ಕೋ."

ಸುಳ್ಳೆಂದುಕೊಂಡು ಬಲಕ್ಕೆ ಹಾರಿದೆ. ಚೆಂಡು ಎಡಕ್ಕೇ ಹೋಯಿತು.

ಅತ್ತೆಗೆ, "ಶಿವಾಜಿನಗರದಲ್ಲಿ ಜೇಬು ಕತ್ತರಿಸಿದ್ರು" ಎಂದೆ. ಮಕ್ಕಳಿಗೆ ಇಂದಿಗೂ ಐದೇ ರೂಪಾಯಿ ಸೋತೆ ಎನ್ನುತ್ತೇನೆ. ಸೋತದ್ದು ಎಂಬತ್ತೈದು.