ಶನಿವಾರ ಹತ್ತರಿಂದ ಹನ್ನೆರಡು

ಸಮಾಜಶಾಸ್ತ್ರ ಓದಲು ಹೋದವರಿಗೆ ಮೊದಲ ವರ್ಷವೇ ಹೇಳಿಕೊಡುತ್ತಾರೆ: ಜನ ತಮ್ಮ ಬಗ್ಗೆ ಹೇಳುವುದನ್ನೆಲ್ಲ ಬರೆದುಕೊಳ್ಳಿ, ನಂಬುವ ಆತುರ ಬೇಡ. ಈ ಪಾಠವನ್ನು ನಾನು ಚೆನ್ನಾಗಿಯೇ ಕಲಿತೆ. ಅಮ್ಮನ ನೆನಪುಗಳನ್ನೂ ಹೆಂಡತಿಯ ನೆನಪುಗಳನ್ನೂ ಅನುಮಾನಿಸಿ ಬೈಸಿಕೊಂಡಿದ್ದೇನೆ. ನನ್ನ ನೆನಪನ್ನೂ ಅನುಮಾನಿಸುತ್ತಿದ್ದೆ. ಆದರೆ ಈಗ ಹಿಂದಿರುಗಿ ನೋಡಿದರೆ, ನನಗೆ ಅನುಕೂಲವಾಗುವ ಕಡೆಗೇ ಅನುಮಾನಿಸುತ್ತಿದ್ದೆ.

ನಾನು ಹೇಳಬೇಕಾಗಿರುವುದು ಲಂಡನ್ನಿನ ಒಂದು ಕೋಣೆಯ ವಿಷಯ. ರೇನರ್ಸ್ ಲೇನ್‌ನಿಂದ ಹತ್ತು ನಿಮಿಷ ನಡೆದರೆ ಒಂದು ಹಳೆಯ ಶಾಲೆಯ ಕಟ್ಟಡವಿತ್ತು. ಸಣ್ಣದೊಂದು ಟ್ರಸ್ಟು ಅದನ್ನು ನೋಡಿಕೊಳ್ಳುತ್ತಿತ್ತು. ಕೆಳಗಿನ ಮಹಡಿಯ ಕೋಣೆಯಲ್ಲಿ ಕಪ್ಪು ಹಲಗೆ, ಮೂವತ್ತು ಕುರ್ಚಿ, ಬೆಚ್ಚಗಿನ ರೇಡಿಯೇಟರ್ ಇದ್ದವು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅದು ಖಾಲಿ. ಆ ಎರಡು ಗಂಟೆಗಾಗಿ ಎರಡು ಗುಂಪುಗಳು ಅರ್ಜಿ ಹಾಕಿದ್ದವು. ಒಂದು, ಡೆನ್ಮಾರ್ಕಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳದು. ಇನ್ನೊಂದು ಬಲ್ಗೇರಿಯದವರದು. ಇಬ್ಬರಿಗೂ ಬೇಕಾಗಿದ್ದು ಒಂದೇ, ಮಕ್ಕಳಿಗೆ ಮನೆಮಾತು ಕಲಿಸಲು ಜಾಗ.

ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ಹತ್ತಿರದಲ್ಲೇ ಇರುವ, ಡಾಕ್ಟರೇಟ್ ಇರುವ ಮನುಷ್ಯ ಎಂದು ಟ್ರಸ್ಟಿನ ಕಾರ್ಯದರ್ಶಿ ನನ್ನನ್ನು ಹುಡುಕಿಕೊಂಡು ಬಂದರು. ಎರಡೂ ಸಮುದಾಯಗಳ ಸಾಮಾಜಿಕ, ಆರ್ಥಿಕ ಸ್ಥಿತಿಯನ್ನು ಹೋಲಿಸಿ ಹತ್ತು ಪುಟದ ವರದಿ ಕೊಡಬೇಕು. ಯಾರಿಗೆ ಅಗತ್ಯ ಹೆಚ್ಚು, ಯಾರು ತರಗತಿಯನ್ನು ಉಳಿಸಿಕೊಂಡು ಹೋಗುತ್ತಾರೆ ಎಂದು ಹೇಳಬೇಕು. ಸರ್ಕಾರದ ನಮೂನೆಗಳಲ್ಲಿ ಇಬ್ಬರಿಗೂ ಒಂದೇ ಚೌಕ, 'ಬಿಳಿಯರು, ಇತರೆ'. ಆ ಚೌಕವನ್ನು ಒಡೆದು ನೋಡುವುದು ನನಗೂ ಉತ್ಸಾಹದ ಕೆಲಸವೇ ಆಗಿತ್ತು. ಆರಾರು ಮನೆಗಳಿಗೆ ಹೋದೆ ಎಂದು ವರದಿಯಲ್ಲಿ ಬರೆದಿದ್ದೇನೆ. ನನಗೆ ನೆನಪಿರುವುದು ಒಂದೊಂದು ಮನೆ.

ಡೇನರ, ಅಂದರೆ ಡೆನ್ಮಾರ್ಕ್ ಮೂಲದವರ, ಮನೆ ಪಕ್ಕದ ಪಿನ್ನರ್‌ನಲ್ಲಿ. ಮನೆಯೊಡೆಯನ ಅಜ್ಜ ಬೆಣ್ಣೆ ವ್ಯಾಪಾರಕ್ಕೆ ಬಂದು ಇಲ್ಲೇ ಉಳಿದವನು. ಅಪ್ಪ ಹಡಗಿನ ಕಂಪನಿಯಲ್ಲಿ ದೊಡ್ಡ ಅಧಿಕಾರಿ, ಈತ ನಿವೃತ್ತ ವಾಸ್ತುಶಿಲ್ಪಿ. ಬಿಳಿ ಗೋಡೆ, ಕಿಟಕಿಯಲ್ಲಿ ತಗ್ಗಾಗಿ ಇಳಿಬಿಟ್ಟ ದೀಪ, ತೆಳ್ಳನೆಯ ಕಪ್ಪಿನಲ್ಲಿ ಕಾಫಿ. ಒಳಗೆ ಕಾಲಿಡುವ ಮೊದಲೇ ನಾನು ಶೂ ಬಿಚ್ಚಿದೆ. ಆತ ನನ್ನ ಪ್ರಬಂಧದ ವಿಷಯ ಕೇಳಿದ. ಈ ದೇಶಕ್ಕೆ ಬಂದ ಅಷ್ಟು ವರ್ಷದಲ್ಲಿ ಅದನ್ನು ಕೇಳಿದವರು ಕಡಿಮೆ. ನಾನು ಅರ್ಧ ಗಂಟೆ ಹೇಳಿದೆ. ಸಂದರ್ಶನ ಯಾರು ಯಾರನ್ನು ಮಾಡುತ್ತಿದ್ದಾರೆಂಬುದೇ ಮರೆತುಹೋಯಿತು.

"ನಿಮಗೆ ಡೇನಿಷ್ ಬರುತ್ತದೆಯೇ?" ಎಂದು ಕೊನೆಗೆ ಕೇಳಿದೆ.

"ಊಟಕ್ಕೆ ಮೊದಲು ಗ್ಲಾಸು ಎತ್ತಿ ಚಿಯರ್ಸ್ ಹೇಳುವಷ್ಟು," ಎಂದು ನಕ್ಕ. "ನಿಜ ಹೇಳಬೇಕೆಂದರೆ ನಮಗೆ ಆ ಕೋಣೆ ಬೇಕೇ ಬೇಕೆಂದಿಲ್ಲ. ನಮ್ಮ ಚರ್ಚಿನ ಹಾಲ್ ಇದೆ. ಆದರೆ ಸ್ವಲ್ಪ ದೂರ, ಪಾರ್ಕಿಂಗ್ ಕಷ್ಟ."

ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ವರದಿಯಲ್ಲಿ ಇಲ್ಲ. ವರದಿಯಲ್ಲಿ 'ದೃಢವಾದ ಸಾಂಸ್ಕೃತಿಕ ಬದ್ಧತೆ' ಎಂದಿದೆ.

ಬಲ್ಗೇರಿಯದ ಹೆಂಗಸಿನ ಫ್ಲ್ಯಾಟು ರೇನರ್ಸ್ ಲೇನ್‌ನಲ್ಲಿ, ಒಂದು ಅಂಗಡಿಯ ಮೇಲೆ. ಅವರು ತಮ್ಮ ಊರಿನಲ್ಲಿ ಭೂಗೋಳದ ಟೀಚರ್ ಆಗಿದ್ದರು. ಇಲ್ಲಿ ಬೆಳಗಿನ ಜಾವ ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸ. ಗಂಡ ಮರಗೆಲಸ, ಗಾರೆಕೆಲಸ ಎರಡೂ ಮಾಡುತ್ತಿದ್ದ. ಸ್ವಂತ ಉದ್ಯೋಗದ ವೀಸಾದ ಮೇಲೆ ಬಂದವರು. ಅದನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು. ಮಗಳು ಹುಟ್ಟಿದ್ದು ಇಲ್ಲೇ. ಶನಿವಾರ ಅವರ ಹಜಾರದಲ್ಲಿ ಹನ್ನೊಂದು ಮಕ್ಕಳು ಮಡಿಸಿಟ್ಟ ಹಾಸಿಗೆಗಳ ಮೇಲೆ ಕೂತು ಅಕ್ಷರ ಕಲಿಯುತ್ತಿದ್ದರು. ಅವರಲ್ಲಿ ಇಬ್ಬರು, ಎರಡನೇ ಮಹಾಯುದ್ಧ ಮುಗಿದ ಮೇಲೆ ಓಡಿಬಂದ ಒಬ್ಬ ಮುದುಕನ ಮರಿಮಕ್ಕಳು. ಮನೆ ಮಾಲೀಕನಿಗೆ ಮಕ್ಕಳ ಗಲಾಟೆಯ ದೂರು ಹೋಗಿತ್ತು. ಇನ್ನೊಮ್ಮೆ ಮಕ್ಕಳನ್ನು ಸೇರಿಸಿದರೆ ಫ್ಲ್ಯಾಟು ಖಾಲಿ ಮಾಡಿ ಎಂದು ಅವನು ಹೇಳಿಹೋಗಿದ್ದ.

"ರೂಮ್ ಬಂದರೆ ಶಾಲೆ ಇದೆ. ಬರದಿದ್ದರೆ ಶಾಲೆ ಇಲ್ಲ," ಎಂದರು ತಮ್ಮ ಮುರುಕು ಇಂಗ್ಲಿಷಿನಲ್ಲಿ. "ಸಿಂಪಲ್, ಮಿಸ್ಟರ್ ಕ್ವೆಶ್ಚನ್."

ನನಗೆ ಅವರಿಟ್ಟ ಹೆಸರು ಅದು. ಇಲ್ಲೇ ಉಳಿಯುತ್ತೀರಾ ಎಂದು ಕೇಳಿದೆ. ಅವರು ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದರು, ಅವರ ದೇಶದ ರೂಢಿಯಂತೆ. ನಾನು ನಮ್ಮ ರೂಢಿಯಂತೆ ಅತ್ತ ಇತ್ತ ವಾಲಿಸುತ್ತಿದ್ದೆ. ಸ್ವಲ್ಪ ಹೊತ್ತು ಇಬ್ಬರೂ ಹೀಗೆ ತಲೆಯಾಡಿಸಿ ಆಡಿಸಿ, ಕೊನೆಗೆ ಅವರೇ ನಗುತ್ತಾ, "ಯೆಸ್! ಬಾಯಲ್ಲಿ ಹೇಳುತ್ತೇನೆ, ಯೆಸ್, ಇಲ್ಲೇ ಇರುತ್ತೇವೆ," ಎಂದರು.

ಗಿಣ್ಣಿನ ಹೂರಣದ ಪದರ ಪದರದ ತಿಂಡಿಯನ್ನೂ, ಲೋಟದ ತುಂಬ ಮಜ್ಜಿಗೆಯನ್ನೂ ತಂದಿಟ್ಟರು. ನಮ್ಮನೆ ಮಜ್ಜಿಗೆಯಂಥದೇ ಮಜ್ಜಿಗೆ. "ಬೇಡ, ಈಗಷ್ಟೇ ಆಯಿತು," ಎಂದೆ. ಆಗಿರಲಿಲ್ಲ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಶೂ ಬಿಚ್ಚಿರಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ತೊಂಬತ್ತರ ದಶಕದ ಆರಂಭದಲ್ಲಿ ಬಂದಾಗ ನಾನು ಊರಿನ ಇನ್ನೊಂದು ತುದಿಯ ಸ್ಟ್ರಾಟ್‌ಫರ್ಡ್‌ನಲ್ಲಿ ಇಂಥದೇ ಒಂದು ಕೋಣೆಯಲ್ಲಿದ್ದೆ. ಈಗಿನ ದೊಡ್ಡ ಶಾಪಿಂಗ್ ಸೆಂಟರ್ ಆಗ ಇರಲಿಲ್ಲ. ಹಗಲು ಹಾಸಿಗೆ ಮಡಿಸಿಟ್ಟು ಅದರ ಮೇಲೇ ಕೂತು ಓದುತ್ತಿದ್ದೆ. ಮಡಿಸಿದ ಹಾಸಿಗೆ ಕಂಡಾಗ ಕರುಣೆ ಬರಬೇಕಾಗಿತ್ತು. ಬಂದದ್ದು, ಅಲ್ಲಿಂದ ಬೇಗ ಎದ್ದು ಹೋಗಬೇಕೆಂಬ ಆತುರ. ಈ ದೇಶದ ಪಾಸ್‌ಪೋರ್ಟ್ ಸಿಕ್ಕಿ ಎರಡು ವರ್ಷವಾಗಿದ್ದ ಮನುಷ್ಯನ ಆತುರ.

ನನ್ನ ನಮೂನೆಯ ಕೊನೆಯಲ್ಲಿ ಒಂದು ಭಾಗವಿತ್ತು, ಕೇಳದೆ ನೋಡಿ ತುಂಬಬೇಕಾದದ್ದು. ಮನೆಯಲ್ಲಿ ಪುಸ್ತಕಗಳು: ಇಲ್ಲ, ಕೆಲವು, ನೂರಕ್ಕೂ ಹೆಚ್ಚು. ಡೇನರ ಮನೆಗೆ 'ನೂರಕ್ಕೂ ಹೆಚ್ಚು'. ಬಲ್ಗೇರಿಯದವರ ಮನೆಗೆ 'ಕೆಲವು'. ಅದರ ಆಧಾರದ ಮೇಲೆ ವರದಿಯಲ್ಲಿ ಹೀಗೆ ಬರೆದೆ: ಈ ಕುಟುಂಬಗಳು ಇನ್ನೂ ನೆಲೆ ನಿಂತಿಲ್ಲ, ಓದಿನ ವಾತಾವರಣ ಸೀಮಿತ, ಇವರಿಗೆ ಸದ್ಯಕ್ಕೆ ಬೇಕಾಗಿರುವುದು ಮನೆಮಾತಿಗಿಂತ ಇಂಗ್ಲಿಷ್ ತರಗತಿ.

ಕೋಣೆ ಡೇನರಿಗೆ ಹೋಯಿತು.

ಶಾಲೆಯ ಒಂದು ಟರ್ಮ್ ಮುಗಿಯುವುದರೊಳಗೆ ಅವರು ಬಿಟ್ಟುಕೊಟ್ಟರು. ಬರುತ್ತಿದ್ದವರು ನಾಲ್ಕೈದು ಜನ, ಎಲ್ಲರೂ ಅರವತ್ತು ದಾಟಿದವರು. ಅವರಿಗೆ ಚರ್ಚಿನ ಹಾಲೇ ಒಗ್ಗಿತ್ತಂತೆ. ಕಾರ್ಯದರ್ಶಿ ನನಗೆ ಫೋನ್ ಮಾಡಿ, "ಇನ್ನೊಂದು ಗುಂಪಿಗೆ ಕೊಡೋಣವೇ? ಅವರನ್ನು ಬಲ್ಲವರು ನೀವು," ಎಂದರು. ನಾನು, "ಅವರು ಈಗಾಗಲೇ ಬೇರೆ ಕಡೆ ಹೋಗಿರಬಹುದು," ಎಂದೆ. ಅವರ ಫ್ಲ್ಯಾಟು ನಮ್ಮ ಮನೆಯಿಂದ ಎರಡು ಬಸ್ ಸ್ಟಾಪು. ಹೋಗಿ ಬೆಲ್ ಒತ್ತಬಹುದಾಗಿತ್ತು.

ಆ ಕೋಣೆಗೆ ಹೋದವರು ನಾವು. ನಮ್ಮ ಕನ್ನಡ ತರಗತಿ ಆಗ ಪಿನ್ನರ್‌ನಲ್ಲಿ, ಮೈಸೂರು ಕಡೆಯ ಡಾಕ್ಟರೊಬ್ಬರ ಹಜಾರದಲ್ಲಿ ನಡೆಯುತ್ತಿತ್ತು. ಕಲಿಸುವವನು ನಾನೇ. ಡಾಕ್ಟರ ಹೆಂಡತಿಗೆ ಹೊಸ ಕೆನೆಬಣ್ಣದ ಕಾರ್ಪೆಟ್ಟಿನ ಚಿಂತೆ.

"ಪ್ರೊಫೆಸರೇ, ನಿಮ್ಮ ಅ ಆ ಇ ಈ ನನ್ನ ಸಂಸಾರ ಮುರೀತಿದೆ ಕಣ್ರೀ," ಎನ್ನುತ್ತಿದ್ದರು ಡಾಕ್ಟರು. "ಮೊನ್ನೆ ಯಾವನೋ ಉಪ್ಪಿಟ್ಟು ಚೆಲ್ಲಿ ಅದರ ಮೇಲೇ ಕೂತಿದ್ದಾನೆ. ಇನ್ನೊಂದ್ ತಿಂಗಳು, ಆಮೇಲೆ ಮಕ್ಕಳ ಜೊತೆ ನನ್ನನ್ನೂ ಆಚೆಗೆ ಹಾಕ್ತಾಳೆ."

ಅವರು ಹಾಗೆ ಗೊಣಗಿದಾಗ ನನಗೆ ಥಟ್ಟನೆ ಆ ಖಾಲಿ ಕೋಣೆ ನೆನಪಾಯಿತು, ಕಾರ್ಯದರ್ಶಿಯ ಫೋನ್ ಬಂದು ಒಂದು ವಾರವಾದ ಮೇಲೆ. ಅರ್ಜಿ ಹಾಕಿದೆವು, ಸಿಕ್ಕಿತು. ಇದು ನಾನು ವರ್ಷಗಟ್ಟಲೆ ನೆನಪಿಟ್ಟುಕೊಂಡಿದ್ದ ಕ್ರಮ. ತಪ್ಪಿತ್ತು, ಆದರೆ ಅಜಾಗರೂಕತೆಯ ತಪ್ಪು. ನಾನು ಬಲ್ಗೇರಿಯದವರ ಒಳಕೋಣೆಗೆ ಹೋಗಿರಲಿಲ್ಲ, ಅಲ್ಲಿ ಪುಸ್ತಕವಿದ್ದರೂ ಕಂಡಿರಲಿಲ್ಲ, ಹಜಾರ ಮಾತ್ರ ನೋಡಿ ಬರೆದೆ. ಅಂಥ ತಪ್ಪಿನ ಜೊತೆ ಮನುಷ್ಯ ಬದುಕಬಹುದು. ಅದನ್ನು ಹೇಳಿಕೊಂಡು ಸ್ವಲ್ಪ ಒಳ್ಳೆಯವನೂ ಆಗಬಹುದು.

ಒಂದು ಸಲ ಮಾತ್ರ ಆ ಬಲ್ಗೇರಿಯದ ಟೀಚರ್ ಎದುರಾದರು. ರೇನರ್ಸ್ ಲೇನ್‌ನ ಇಂಡಿಯನ್ ಅಂಗಡಿಯಲ್ಲಿ, ಮೊಸರಿನ ಬಕೆಟ್ಟುಗಳ ಹತ್ತಿರ. ಶನಿವಾರ ಮಧ್ಯಾಹ್ನ. ನನ್ನ ಕೋಟಿನ ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಜೊತೆಗೆ ನನ್ನ ಮಗಳು.

"ಮಿಸ್ಟರ್ ಕ್ವೆಶ್ಚನ್!" ಎಂದರು. ನಿಜವಾಗಿಯೂ ಖುಷಿಯಿಂದ.

"ಹೇಗಿದ್ದೀರಿ? ಶಾಲೆ?"

"ಶಾಲೆ ಇಲ್ಲ. ಮಕ್ಕಳು ಇಂಗ್ಲಿಷರಾದರು. ನನ್ನ ಮಗಳು ಅಜ್ಜಿಗೆ ಫೋನಿನಲ್ಲಿ ಹಲೋ ಅಂದು ನನಗೆ ಕೊಟ್ಟುಬಿಡುತ್ತಾಳೆ." ಮೊಸರಿನ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಡೆನ್ಮಾರ್ಕಿನವರು? ಅವರಿಗೆ ರೂಮ್ ಇಷ್ಟವಾಯಿತೇ?"

"ಆಯಿತು," ಎಂದೆ.

ಆ ಹೊತ್ತಿನಲ್ಲಿ ಆ ಕೋಣೆಯ ಕಪ್ಪು ಹಲಗೆಯ ಮೇಲೆ ನನ್ನ ಕೈಬರಹದ ಕಾಗುಣಿತವಿತ್ತು. ಮಗಳು ನನ್ನ ಮುಖ ನೋಡಿದಳು. ಹೊರಗೆ ಬಂದ ಮೇಲೆ, "ಅಪ್ಪಾ, ವಾಟ್ ರೂಮ್?" ಎಂದಳು. "ಯಾವುದೋ," ಎಂದೆ.

ಬಲ್ಗೇರಿಯ ಯುರೋಪಿಯನ್ ಒಕ್ಕೂಟ ಸೇರಿದ ಮರುವರ್ಷ ನಾವು ಪಿನ್ನರ್‌ಗೆ ಮನೆ ಬದಲಾಯಿಸಿದೆವು. ಸಾಮಾನು ಕಟ್ಟುವಾಗ ಹೆಂಡತಿಗೆ ಈ ಕತೆಯನ್ನು ನನ್ನ ಕ್ರಮದಲ್ಲೇ ಹೇಳಿದೆ. ಆ ಹೆಂಗಸಿಗೆ ಅನ್ಯಾಯವಾಯಿತು, ಆದರೆ ಆಗ ನಮ್ಮ ತರಗತಿಯ ಯೋಚನೆ ನನ್ನ ತಲೆಯಲ್ಲಿರಲಿಲ್ಲ ಎಂದೆ. ಅವಳು ಧಾರವಾಡದವಳು, ಮಾತನ್ನು ಸುತ್ತಿ ಬಳಸಿ ಹೇಳುವವಳಲ್ಲ.

"ಏನ್ ಇರಲಿಲ್ರೀ? ಆಕಿ ಮನಿಯಿಂದ ಬಂದ ದಿನಾನ ಹೇಳಿದ್ರಲ್ಲ, 'ನಮ್ಮ ಹುಡುಗರಿಗೆ ಛಲೋ ರೂಮ್ ಐತಿ' ಅಂತ. ಇನ್ನೂ ಕಾಲಾಗಿನ ಬೂಟು ಸೈತ ಬಿಚ್ಚಿರಲಿಲ್ಲ ನೀವು."

"ಅದು ಆಮೇಲಿನ ಮಾತು. ನೀನು ಎರಡು ದಿನ ಕಲಸಿಕೊಂಡಿದ್ದೀಯ."

"ಹೌದ್ರೀ. ನಿಮ್ಮದು ನೆನಪು, ನಮ್ಮದು ಕಲಸನ್ನ."

ನೆನಪುಗಳು ಹೇಗೆ ಒಂದರೊಳಗೊಂದು ಸೇರಿಕೊಳ್ಳುತ್ತವೆ ಎಂದು ಅವಳಿಗೆ ಪಾಠ ಮಾಡಿದೆ. ಅವಳು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಲೇ ಇದ್ದಳು. ಗೆಲ್ಲಬೇಕೆಂಬ ಹಟಕ್ಕೇ ನಾನು ಮೇಲೆ ಹೋಗಿ ಹಳೆಯ ಫೈಲುಗಳ ಪೆಟ್ಟಿಗೆ ಬಿಚ್ಚಿದೆ.

ಬಲ್ಗೇರಿಯದವರ ಮನೆಯ ನಮೂನೆ ಸಿಕ್ಕಿತು. 'ಕೆಲವು' ಎಂಬಲ್ಲಿ ನನ್ನ ಗುರುತು ಇತ್ತು. ಹಾಳೆಯನ್ನು ತಿರುವಿದೆ. ಹಿಂದೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಬಸ್ಸಿನ ಕುಲುಕಾಟಕ್ಕೆ ಸೊಟ್ಟಗಾದ ನನ್ನದೇ ಅಕ್ಷರ:

'ಒಳಕೋಣೆ ಪೂರ್ತಿ ಪುಸ್ತಕ. ಗಂಡನೇ ಮಾಡಿದ ಶೆಲ್ಫು.'

ಅದರ ಕೆಳಗೆ: 'ನಮ್ಮ ಮಕ್ಕಳು 14. ಕುರ್ಚಿ 30 ಇವೆ. ಡೇನರು ಬಹಳ ದಿನ ಬರಲಾರರು.'

ಟ್ರಸ್ಟಿನವರು ಹಾಳೆ ತಿರುವಿದರೂ ಓದಲಾರರು ಎಂದು ಕನ್ನಡದಲ್ಲಿ ಬರೆದೆನೋ, ಅಥವಾ ದಣಿದಾಗ ಕೈಗೆ ಬರುವ ಭಾಷೆ ಅದೇ ಎಂದೋ, ಗೊತ್ತಿಲ್ಲ. ಇಲ್ಲಿ ಮತ್ತೆ ಅನುಮಾನದ ಬಾಗಿಲು ತೆರೆದಿದೆ, ನಾನು ಅದರೊಳಗೆ ಹೋಗುವುದಿಲ್ಲ. ಪುಸ್ತಕ ಕಂಡಿದ್ದೆ. ಡೇನರು ನಿಲ್ಲುವುದಿಲ್ಲ ಎಂಬುದೂ ಗೊತ್ತಿತ್ತು. ನಮ್ಮ ಮಕ್ಕಳನ್ನು ಮನಸ್ಸಿನಲ್ಲೇ ಆ ಕುರ್ಚಿಗಳಲ್ಲಿ ಕೂರಿಸಿ ಆಗಿತ್ತು. ಎರಡು ಸಮುದಾಯಗಳನ್ನು ಹೋಲಿಸಿದೆ ಎಂದುಕೊಂಡಿದ್ದೆ. ಲೆಕ್ಕದಲ್ಲಿ ಮೂರನೆಯದೂ ಇತ್ತು.

ಕೆಳಗೆ ಬಂದು ಹಾಳೆಯನ್ನು ಹೆಂಡತಿಯ ಮುಂದಿಟ್ಟೆ. ಓದಿದಳು. ಗೆದ್ದ ಮುಖ ಮಾಡಲಿಲ್ಲ. "ಈಗ ಏನ್ ಮಾಡ್ತೀರಿ?" ಎಂದಳು.

ಡಾಕ್ಟರಿಗೆ ಹೇಳಿದೆ. ಕೋಣೆಯ ಒಂದು ಗಂಟೆಯನ್ನಾದರೂ ಬಲ್ಗೇರಿಯದವರಿಗೆ ಬಿಟ್ಟುಕೊಡೋಣ ಎಂದೆ.

"ಅಯ್ಯೋ, ಈಗ್ಯಾಕ್ರೀ ಅದೆಲ್ಲ? ಅವರೂ ಯೂರೋಪಿನೋರೇ ಆದ್ರಲ್ಲ, ಇನ್ನು ನಮ್ಮನ್ನೇ ಆಚೆಗೆ ತಳ್ತಾರೆ," ಎಂದು ನಕ್ಕರು. ನಾನೂ ಸ್ವಲ್ಪ ನಕ್ಕೆ. ಅದೂ ನೆನಪಿದೆ.

ಆ ಶನಿವಾರ ತರಗತಿಗೆ ಹೋಗದೆ ಫ್ಲ್ಯಾಟಿನ ಬೆಲ್ ಒತ್ತಿದೆ. ತಮಿಳು ಮಾತಾಡುವ ವಯಸ್ಸಾದ ಹೆಂಗಸೊಬ್ಬರು ಬಾಗಿಲು ತೆರೆದರು. ಹಿಂದಿನವರು ಬಿಟ್ಟು ಎರಡು ವರ್ಷವಾಯಿತು, ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದರು. ಅವರ ಭುಜದ ಮೇಲಿಂದ ಹಜಾರ ಕಂಡಿತು. ಅದರಾಚೆ, ಬಾಗಿಲಿಲ್ಲದ ಒಳಕೋಣೆ. ಒಳಗೆ ಕಾಲಿಡದೆಯೇ ಎಲ್ಲವೂ ಕಾಣುತ್ತಿತ್ತು. ಯಾರು ನಿಂತರೂ ಕಾಣುತ್ತಿತ್ತು. ನೆಲದಿಂದ ಸೂರಿನವರೆಗೆ ಗೋಡೆಗೆ ಬಿಗಿದ ಮರದ ಶೆಲ್ಫುಗಳು. ಈಗ ಅವುಗಳ ಮೇಲೆ ಅಕ್ಕಿ ಚೀಲ, ಸ್ಟೀಲ್ ಡಬ್ಬಿ, ದೇವರ ಪಟ.

"ಗಟ್ಟಿ ಶೆಲ್ಫು, ಅವರೇ ಬಿಟ್ಟುಹೋದದ್ದು," ಎಂದರು ಆಕೆ, ನಾನು ನೋಡುತ್ತಿದ್ದುದನ್ನು ಕಂಡು. "ನೀವು ಕೌನ್ಸಿಲ್‌ನವರಾ, ಮನೆ ನೋಡಲು ಬಂದಿರಾ?"

"ಅಲ್ಲ."

"ಬನ್ನಿ, ಕೂತುಕೊಳ್ಳಿ, ಟೀ ಕುಡಿದು ಹೋಗಿ."

"ಬೇಡ," ಎಂದೆ, "ಈಗಷ್ಟೇ ಆಯಿತು."