ಮಂಗಳವಾರದ ಪ್ರಶ್ನೆ

ನೀವು ಪ್ರತಿ ಮಂಗಳವಾರ ಕುಣಿಗಲ್ಲಿಗೆ ಯಾಕೆ ಹೋಗುತ್ತಿದ್ದಿರಿ ಎಂಬುದು ನನಗೆ ಗೊತ್ತಿತ್ತು, ಪದ್ಮಾವತಿಯವರೇ. ಗೊತ್ತಿದ್ದೂ ಕೋರ್ಟಿನಲ್ಲಿ, ನಿಮ್ಮ ತಂದೆಯ ಎದುರಿಗೇ ಕೇಳಿದೆ. ನೀವು ಬಾಯಿ ಬಿಡಲಾರಿರಿ ಎಂಬುದೂ ಗೊತ್ತಿತ್ತು — ಅದಕ್ಕೇ ಕೇಳಿದೆ.

ನಾನು ನಿಮ್ಮ ಗಂಡನ ವಕೀಲ. ತೊಂಬತ್ತರ ದಶಕದ ನಡುವಿನಲ್ಲಿ ಅವರು ಗುಬ್ಬಿಯಿಂದ ತುಮಕೂರಿನ ನನ್ನ ಆಫೀಸಿಗೆ ಬಂದಾಗ ಕೈಯಲ್ಲೊಂದು ಶಾಲೆಯ ನೋಟ್‌ಬುಕ್ ಇತ್ತು. ನಿಮ್ಮ ಪರ್ಸಿನಿಂದ ತೆಗೆದ ಬಸ್ ಟಿಕೆಟ್ಟುಗಳನ್ನು ಪುಟಕ್ಕೊಂದರಂತೆ ಗೋಂದು ಹಚ್ಚಿ ಅಂಟಿಸಿದ್ದರು. "ಮಂಗಳ್ವಾರ ಬಂತು ಅಂದ್ರೆ ಕುಣಿಗಲ್ ಸಾರ್. ಕೇಳಿದ್ರೆ ದೇವಸ್ಥಾನ ಅಂತಾಳೆ. ಯಾವನೋ ಅವ್ನೆ ಕಣ್ರೀ," ಎಂದರು. ವಿಚ್ಛೇದನ ಬೇಕು, ಆರು ವರ್ಷದ ಮಗಳು ತನ್ನ ಹತ್ತಿರವೇ ಇರಬೇಕು ಎಂದು ಹಟ. ಇಷ್ಟು ಅಚ್ಚುಕಟ್ಟಾಗಿ ಅನುಮಾನ ಪಡುವವನ ಮೇಲೆ ನನಗೇ ಅನುಮಾನ ಬಂತು. ನನ್ನ ಕಸುಬೇ ಅಂಥದ್ದು, ಹಾಳಾದ್ದು — ಯಾರಾದರೂ ನಮಸ್ಕಾರ ಅಂದರೂ ಇವನಿಗೇನು ಬೇಕಾಗಿದೆಯೋ ಎಂದೇ ಮೊದಲು ಹೊಳೆಯುವುದು.

ಅಷ್ಟರಲ್ಲಿ ನೀವು ಮಗಳನ್ನು ಕರೆದುಕೊಂಡು ಗುಬ್ಬಿಯಲ್ಲೇ ಇದ್ದ ತವರಿಗೆ ಹೋಗಿದ್ದಿರಿ. ಆದರೂ ಮಂಗಳವಾರ ತಪ್ಪಿಸಲಿಲ್ಲ. ಒಂದು ಮಂಗಳವಾರ ನಿಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ನಾನಿದ್ದೆ. ಕುಣಿಗಲ್ಲಿನಲ್ಲಿ ಇಳಿದು, ಮಸೀದಿಯ ಹಿಂದಿನ ಗಲ್ಲಿಯವರೆಗೂ ಹಿಂಬಾಲಿಸಿದೆ. ಯಾವನೋ ಗಂಡಸು ಬಾಗಿಲು ತೆರೆಯುತ್ತಾನೆಂದು ಕಾದಿದ್ದೆ. ಜಗುಲಿಯ ಮೇಲೆ ಬಡಕಲು ಹೆಂಗಸೊಬ್ಬಳು ಗೋಡೆಗೆ ಒರಗಿ ಕೂತಿದ್ದಳು. ನೀವು ಅವಳ ಹಿಂದೆ ಕೂತು ತಲೆ ಬಾಚತೊಡಗಿದಿರಿ.

ಎದುರಿನ ಟೈಲರ್ ಅಂಗಡಿಯವನನ್ನು ಕೇಳಿದೆ. "ತಲೆ ಬಾಚ್ತಿರೋರು ಅವ್ರ ತಂಗಿ ಸಾರ್. ಅಕ್ಕ ನಮ್ಮ ಮುಸಲ್ಮಾನ್ರ ಹುಡ್ಗನ್ನ ಮದ್ವೆ ಆದ್ರು ಅಂತ ಅವ್ರಪ್ಪ ಬದುಕಿರೋ ಮಗಳಿಗೇ ಎಳ್ಳುನೀರು ಬಿಟ್ಟವ್ರೆ. ಆ ಹೆಸ್ರು ಎತ್ತಿದ್ರೆ ಈ ಮಗಳಿಗೂ ಮನೆ ಬಾಗ್ಲು ಮುಚ್ತೀನಿ ಅಂದವ್ರಂತೆ. ಅಕ್ಕಂಗೆ ಕೈಕಾಲು ಬಿದ್ದೋಗಿದೆ. ಪಾಪ, ತಂಗಿ ಕದ್ದು ಬರ್ತಾರೆ."

ಆ ಅಕ್ಕ ನಿಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಳೆಂದು ನಿಮ್ಮ ತವರಿನವರು ನಿಮ್ಮ ಗಂಡನಿಗೆ ಹೇಳಿದ್ದರು. ಅವರಿಗೆ ನಾನು ನಿಜ ಹೇಳಬಹುದಿತ್ತು. ಹೇಳಿದ್ದರೆ ಕೇಸೇ ವಾಪಸ್ಸಾಗುತ್ತಿತ್ತೋ ಏನೋ — ಆಗಬಾರದೆಂದೇ ಹೇಳಲಿಲ್ಲ. "ಏನೂ ಪತ್ತೆಯಾಗಲಿಲ್ಲ," ಎಂದೆ. ಪಾಟೀಸವಾಲಿನಲ್ಲಿ ನನ್ನಂಥವನಿಲ್ಲ ಎಂದು ತುಮಕೂರಿನ ವಕೀಲರೆಲ್ಲ ಅನ್ನಬೇಕಾಗಿತ್ತು ನನಗೆ. ಅಷ್ಟೇ.

ವಿಚಾರಣೆಯ ದಿನ ಕಾರಿಡಾರಿನಲ್ಲಿ ನಿಮ್ಮ ತಂದೆಯನ್ನು ಕಂಡು, "ಒಳಗೇ ಬಂದು ಕೂತ್ಕೊಳಿ ಯಜಮಾನ್ರೇ, ಮಗಳಿಗೆ ಧೈರ್ಯ," ಎಂದೆ. "ಒಳ್ಳೇದಾಗ್ಲಿ ಸ್ವಾಮಿ ನಿಮ್ಗೆ," ಎಂದು ಕೈಮುಗಿದರು. ಸಂಸಾರದ ಕೇಸು ಎಂದು ನ್ಯಾಯಾಧೀಶರು ಹೊರಗಿನವರನ್ನೆಲ್ಲ ಕಳಿಸಿದರು. ತಂದೆ ಇರಬಹುದೇ ಎಂದು ಕೇಳಿದಾಗ ನಿಮ್ಮ ವಕೀಲರಿಗಿಂತ ಮೊದಲು ನಾನೇ ಎದ್ದು, ನಮ್ಮದೇನೂ ಆಕ್ಷೇಪಣೆ ಇಲ್ಲ ಎಂದೆ. ನಿಮ್ಮ ವಕೀಲರೂ ತಲೆಯಾಡಿಸಿದರು. ಅವರಿಗೂ ನೀವು ಏನೂ ಹೇಳಿರಲಿಲ್ಲ.

ಒಂದೊಂದೇ ಟಿಕೆಟ್ ತೋರಿಸಿದೆ. ಆಮೇಲೆ ಕೇಳಿದೆ: "ಕುಣಿಗಲ್ಲಿನಲ್ಲಿ ಯಾರ ಮನೆಗೆ ಹೋಗ್ತಿದ್ರಿ ಅಮ್ಮಾ?"

ನೀವು ತಂದೆಯ ಕಡೆ ನೋಡಿದಿರಿ. ಆಮೇಲೆ ನನ್ನ ಕಡೆ — ಬಹಳ ಹೊತ್ತು. ಇವನಿಗೆ ಎಲ್ಲ ಗೊತ್ತು ಎಂದು ನಿಮಗೆ ಆ ಗಳಿಗೆಯಲ್ಲೇ ತಿಳಿಯಿತೇ? ಇವತ್ತಿಗೂ ನನಗೆ ಆ ಗುಮಾನಿ. ಹೇಳಿದ್ದರೆ ತವರಿನ ಸೂರು ಹೋಗುತ್ತಿತ್ತು, ಮಗುವನ್ನು ಎಲ್ಲಿಟ್ಟುಕೊಳ್ಳುತ್ತೀರೆಂದು ನಾನೇ ಮುಂದಿನ ಪ್ರಶ್ನೆ ಕೇಳುತ್ತಿದ್ದೆ. ಅದನ್ನೂ ಬರೆದಿಟ್ಟುಕೊಂಡಿದ್ದೆ, ಥೂ! ಮೂರು ಸಲ ಕೇಳಿದೆ. "ಸಾಕ್ಷಿದಾರರು ಉತ್ತರಿಸಲಿಲ್ಲ" ಎಂದು ನ್ಯಾಯಾಧೀಶರು ಬರೆಸಿದರು. ಆ ಎರಡು ಪದಗಳಿಂದ ಮಗಳು ನಿಮ್ಮ ಕೈತಪ್ಪಿದಳು.

ಹದಿಮೂರು ವರ್ಷದ ಮೇಲೆ ಆ ಮಗಳು ನನ್ನ ಆಫೀಸಿಗೆ ಬಂದಳು. ಮೂಗು ನಿಮ್ಮದೇ. ಮದುವೆ ಗೊತ್ತಾಗಿದೆ ಎಂದಳು. "ಅಂಕಲ್, ಅಮ್ಮನ್ನ ಕರೀಬೇಕು ಅಂತ ಆಸೆ. ಅಪ್ಪ ಬೇಡ ಅಂತಾರೆ. ಅಮ್ಮ ಕುಣಿಗಲ್‌ಗೆ ಯಾಕೆ ಹೋಗ್ತಿದ್ರು, ನಿಮ್ಗೇನಾದ್ರೂ ಗೊತ್ತಾ?"

ಇವಳನ್ನು ಯಾರು ಕಳಿಸಿದರು, ಕೇಸನ್ನು ಮತ್ತೆ ಕೆದಕುತ್ತಾರೇನೋ ಎಂದು ನನಗೆ ಭಯವಾಯಿತು. "ಗೊತ್ತಿಲ್ಲಮ್ಮಾ," ಎಂದೆ. ಅವಳು ಇನ್ವಿಟೇಷನ್ ಕೊಟ್ಟು ಹೋದಳು.

ಮದುವೆಗೆ ಹೋಗಿದ್ದೆ. ಧಾರೆಯ ಹೊತ್ತಿಗೆ ನಿಮ್ಮ ಜಾಗದಲ್ಲಿ ಅವಳ ಸೋದರತ್ತೆ ನಿಂತು ನೀರೆರೆದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ, ಅಕ್ಷತೆ ಹಾಕಿದೆ, ಊಟವನ್ನೂ ಮಾಡಿದೆ.

ಇದೆಲ್ಲವನ್ನೂ ಬರೆದ ಇನ್ನೊಂದು ಕಾಗದವನ್ನು ನಿಮಗಿಂತ ಮೊದಲು ಅವಳಿಗೆ ಕಳಿಸಿದ್ದೇನೆ. ಕ್ಷಮಿಸಿ ಎಂದು ಅದರಲ್ಲೂ ಬರೆದಿಲ್ಲ, ಇದರಲ್ಲೂ ಬರೆಯುವುದಿಲ್ಲ. ನಿಮ್ಮ ಮಗಳು ನಿಮ್ಮನ್ನು ಹುಡುಕಿಕೊಂಡು ಬಂದರೆ ಬಾಗಿಲು ತೆರೆಯಿರಿ.