ಮೊರಬದ ಕೆಂಪು ಕಾರಿನ ಬ್ರೇಕ್ ಪರೀಕ್ಷೆ

ಬ್ರೇಕ್ ಡಿಸ್ಕಿನ ಮೇಲೆ ಬೆರಳಿಟ್ಟರೆ ಅಂಟಿತು. ತೆಳ್ಳಗಿನ ಕಂದು ಪದರ, ಅರ್ಧ ಒಣಗಿದ ವಾರ್ನಿಶ್‌ನಂತೆ. ಬೆರಳನ್ನು ಮೂಗಿನ ಹತ್ತಿರ ತಂದೆ. ಗ್ರೀಸಿನ ವಾಸನೆ ಇರಲಿಲ್ಲ. ನಮ್ಮ ಮನೆಯ ಒಗ್ಗರಣೆಯ ವಾಸನೆ ಅದು: ಕುಸುಬೆ ಎಣ್ಣೆ.

ಇದು ಎರಡು ವರ್ಷದ ಹಿಂದಿನ ಫೆಬ್ರುವರಿಯ ಮಾತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಹುಬ್ಬಳ್ಳಿಯಲ್ಲಿ ಹಳೆಯ ವಾಹನಗಳ ತಪಾಸಣೆ ಮತ್ತು ಮೌಲ್ಯಮಾಪನದ ಕೆಲಸಕ್ಕೆ ಸೇರಿ ನನಗೆ ಆಗ ನಾಲ್ಕನೆಯ ವರ್ಷ. ನನ್ನ ಕೈಗೆ ಬರುತ್ತಿದ್ದವು ಟ್ರ್ಯಾಕ್ಟರ್, ಪಿಕಪ್, ಬಾಡಿಗೆ ಕಾರುಗಳು. ಸ್ಪೋರ್ಟ್ಸ್ ಕಾರೊಂದನ್ನು ನೋಡಿ ವರದಿ ಬರೆದದ್ದು ಅದೊಂದೇ ಸಲ. ಅದನ್ನು ಕೊಳ್ಳಹೊರಟವರು ನನ್ನ ತಂದೆಯ ತಮ್ಮ, ಅಣ್ಣಿಗೇರಿಯ ಚನ್ನಪ್ಪ ಕಾಕಾ.

ಕಾಕಾ ಮೂವತ್ಮೂರು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಆ ಅವಧಿಯಲ್ಲಿ ಒಂದೂ ಅಪಘಾತವಿಲ್ಲ. ಮನೆಯಲ್ಲಿ ಕೂರಲಾಗದೆ ಊರಿನ ಖಾಸಗಿ ಶಾಲೆಯೊಂದರ ವ್ಯಾನ್ ಓಡಿಸುತ್ತಿದ್ದರು. ದಿನವೂ ಹನ್ನೊಂದು ಮಕ್ಕಳು. ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಕಲಿಸುವಾಗ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: “ಕಣ್ಣು ರಸ್ತಿ ಮ್ಯಾಲಿರಬೇಕು. ಕೆಳಗಿಂದು ಕಾಲು ನೋಡ್ಕೋತೈತಿ.”

ಅವರು ಮೆಚ್ಚಿದ ಕಾರು ಮೊರಬದ ಶಿವಪುತ್ರಪ್ಪ ಎಂಬುವರ ಹೊಲದ ಶೆಡ್ಡಿನಲ್ಲಿತ್ತು. ಇಬ್ಬರೇ ಕೂರುವಂಥದು, ಕೆಂಪು ಬಣ್ಣ, ನೆಲಕ್ಕೆ ಅಂಟಿದಂತೆ ತಗ್ಗು. ಶಿವಪುತ್ರಪ್ಪ ಅದನ್ನು ಮದುವೆ ಮೆರವಣಿಗೆಗಳಿಗೆ ಬಾಡಿಗೆಗೆ ಕೊಡಲೆಂದು ತಂದಿದ್ದರಂತೆ. ಹಳ್ಳಿಯ ಉಬ್ಬು ತಗ್ಗಿನಲ್ಲಿ ಹೊಟ್ಟೆ ಉಜ್ಜುತ್ತದೆ ಎಂದು ಎರಡೇ ಹಂಗಾಮಿಗೆ ನಿಲ್ಲಿಸಿದ್ದರು. ಐದು ವರ್ಷದಿಂದ ಅದು ಜೋಳದ ಚೀಲಗಳ ಬಾಜು ನಿಂತಿತ್ತು. ಕೇಳಿದ ಬೆಲೆ ಮೂರು ಲಕ್ಷ, ಅಂಥ ಕಾರಿಗೆ ಅಗದಿ ಅಗ್ಗ. ಇಂಥ ಖರೀದಿಗೆ ನಮ್ಮಲ್ಲಿ ‘ಪ್ರಾಜೆಕ್ಟ್ ಕಾರ್’ ಎನ್ನುತ್ತಾರೆ. ನಿಂತ ಗಾಡಿಯನ್ನು ಕಡಿಮೆ ಬೆಲೆಗೆ ಕೊಂಡು, ಬಿಡುವಿನಲ್ಲಿ ತಾವೇ ರಿಪೇರಿ ಮಾಡಿ ರಸ್ತೆಗೆ ತರುವುದು. ಕಾಕಾನಿಗೆ ಬೇಕಾದದ್ದೂ ಅದೇ. ತಾನೇ ಬಿಚ್ಚಿ, ತಾನೇ ಕಟ್ಟಿ, ತಾನೇ ಓಡಿಸಬೇಕು. ಜೀವಮಾನವಿಡೀ ಐವತ್ತು ಜನರನ್ನು ಹೊತ್ತು ನಿಧಾನಕ್ಕೆ ಹೋದವನು ಒಮ್ಮೆಯಾದರೂ ಒಬ್ಬನೇ ಜೋರಾಗಿ ಹೋಗಬೇಕು ಎಂದು ನನ್ನೆದುರು ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಂಡಿದ್ದರು.

ಮೊದಲ ಭೇಟಿಯಲ್ಲಿ ಕ್ರಮವಾಗಿ ನೋಡುತ್ತ ಬಂದೆ. ಪೇಂಟ್ ಮೀಟರ್ ಎಂಬ ಚಿಕ್ಕ ಉಪಕರಣ ಬಣ್ಣದ ದಪ್ಪವನ್ನು ಮೈಕ್ರಾನ್‌ನಲ್ಲಿ ತೋರಿಸುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ಕಂಪನಿಯ ಬಣ್ಣ ಸಾಮಾನ್ಯವಾಗಿ ನೂರರಿಂದ ನೂರೈವತ್ತು. ಬಲಗಡೆಯ ಮುಂದಿನ ಚಕ್ರದ ಮೇಲಿನ ಫೆಂಡರ್ 420 ತೋರಿಸಿತು; ಅಂದರೆ ಕೆಳಗೆ ಪುಟ್ಟಿ, ಯಾವುದೋ ಹಳೆಯ ಸಣ್ಣ ಪೆಟ್ಟು. ಉಳಿದ ಕಡೆ ಎಲ್ಲ ಸರಿ. ಚಾಸಿ ನೇರವಿತ್ತು. ಏರ್ ಫಿಲ್ಟರಿನಲ್ಲಿ ಇಲಿ ಸಂಸಾರ ಹೂಡಿತ್ತು. ಪುಣ್ಯಕ್ಕೆ ವೈರಿಂಗ್ ಕಡಿದಿರಲಿಲ್ಲ. ಎಂಜಿನ್ನನ್ನು ಮೊದಲು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ, ಆಮೇಲೆ ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದೆವು. ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಆಮೇಲೆ ಸಮನಾಯಿತು. ಕಾಕಾ ಕಣ್ಣು ಮುಚ್ಚಿ ಆ ಸದ್ದು ಕೇಳಿದರು.

ಕೊನೆಗೆ ಚಕ್ರಗಳಿಗೆ ಬಂದೆ, ಎಣ್ಣೆ ಕೈಗೆ ಹತ್ತಿತು. ಇಂಥ ಕಾರಿನ ಚಕ್ರಕ್ಕೆ ಅಗಲವಾದ ಕಿಂಡಿಗಳಿರುತ್ತವೆ, ಒಳಗಿನ ಬ್ರೇಕ್ ಡಿಸ್ಕ್ ಹೊಳೆಯುವುದು ಹೊರಗಿನಿಂದಲೇ ಕಾಣುತ್ತದೆ. ಶಿವಪುತ್ರಪ್ಪನವರ ತಾಯಿ ನೀಲವ್ವ ಅಮಾವಾಸ್ಯೆಗೊಮ್ಮೆ ಕೋಲಿಗೆ ಬಟ್ಟೆ ಸುತ್ತಿ, ಕಿಂಡಿಯೊಳಗಿಂದ ನಾಲ್ಕೂ ಡಿಸ್ಕಿಗೆ ಎಣ್ಣೆ ಹಚ್ಚುತ್ತಿದ್ದರು. ಬಿತ್ತನೆ ಮುಗಿದ ಮೇಲೆ ಕುಂಟೆಯ, ನೇಗಿಲಿನ ಕಬ್ಬಿಣಕ್ಕೆ ಎಣ್ಣೆ ಸವರಿ ಎತ್ತಿಡುವುದು ಆ ಮನೆಯ ಪದ್ಧತಿ. ಡಿಸ್ಕೂ ಕಬ್ಬಿಣವೇ.

“ತುಕ್ಕು ಎಲ್ಲೆರ ಐತೇನ್ ನೋಡ್ರಿ ಅಕ್ಕಾರ” ಎಂದರು ಅಜ್ಜಿ, ಸ್ವಲ್ಪ ಹೆಮ್ಮೆಯಿಂದ.

ತುಕ್ಕು ನಿಜಕ್ಕೂ ಇರಲಿಲ್ಲ. ಆದರೆ ಬ್ರೇಕ್ ಹಿಡಿಯುವುದೇ ಉಜ್ಜಾಟದಿಂದ. ಡಿಸ್ಕನ್ನು ಎರಡೂ ಬದಿಯಿಂದ ಒತ್ತುವ ಪ್ಯಾಡು ಎಣ್ಣೆ ಕುಡಿದರೆ ಹಿಡಿಯದೆ ಜಾರುತ್ತದೆ. ಅಜ್ಜಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಪ್ಯಾಡುಗಳು ಬದಲಾಗಬೇಕು ಎಂದಷ್ಟೇ ಕಾಕಾನಿಗೆ ತಿಳಿಸಿದೆ. ಹೊಸ ಪ್ಯಾಡು ತರಿಸಿ ಮುಂದಿನ ಭಾನುವಾರ ಬರುವುದೆಂದಾಯಿತು.

ಆ ವಾರವೆಲ್ಲ ಶಿವಪುತ್ರಪ್ಪನವರ ಫೋನು. ಗದಗಿನ ಪಾರ್ಟಿಯೊಂದು ಸೋಮವಾರ ಹತ್ತಕ್ಕೆ ನೋಡಲು ಬರುತ್ತದೆ, ಭಾನುವಾರ ಸಂಜೆಯೊಳಗೆ ಹೂಂ ಅಥವಾ ಉಹುಂ ಹೇಳಬೇಕು. ಕಾಕಾ ದಿನಕ್ಕೆರಡು ಸಲ ಫೋನ್ ಮಾಡಿ ನನ್ನ ವರದಿ ಎಲ್ಲಿಗೆ ಬಂತೆಂದು ಕೇಳುತ್ತಿದ್ದರು. ಬ್ರೇಕ್ ನೋಡದೆ ಹೇಳಲಾರೆ ಎಂದರೆ, “ಆತವ್ವಾ, ಆತು” ಎಂದು ಇಟ್ಟು, ಸಂಜೆ ಮತ್ತೆ ಮಾಡುವರು. ಅವರ ಅವಸರ ನನಗೂ ಅಂಟಿಕೊಂಡು, ಬೇರೆ ಗಾಡಿಗಳ ಮುಂದೆ ನಿಂತಾಗಲೂ ಮನಸ್ಸು ಮೊರಬದಲ್ಲೇ ಇರುತ್ತಿತ್ತು.

ಭಾನುವಾರ ಡಿಸ್ಕುಗಳನ್ನು ಕ್ಲೀನರ್ ಹಾಕಿ ಮೂರು ಸಲ ತೊಳೆದು, ಹೊಸ ಪ್ಯಾಡು ಕೂರಿಸಿದೆವು. ಕಾರಿನ ವಿಮೆ ಮುಗಿದು ವರ್ಷಗಳಾಗಿದ್ದರಿಂದ ಸಾರ್ವಜನಿಕ ರಸ್ತೆಗೆ ಇಳಿಸುವಂತಿರಲಿಲ್ಲ. ಶೆಡ್ಡಿನ ಪಕ್ಕದಲ್ಲೇ ಶಿವಪುತ್ರಪ್ಪನವರ ಸೋದರಮಾವನ ಹೊಸ ಲೇಔಟು: ಡಾಂಬರು ರಸ್ತೆ, ದೀಪದ ಕಂಬ, ಪ್ಲಾಟಿನ ನಂಬರ್ ಕಲ್ಲುಗಳು, ಮನೆ ಒಂದೂ ಇಲ್ಲ. ಸುತ್ತಲೂ ಕಡಲೆ ಕಿತ್ತು ಬರಿದಾದ ಎರೆ ಹೊಲ. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ನಾನು ಕಾರನ್ನು ಹೊಲದ ದಾರಿಯಲ್ಲಿ ಮೆಲ್ಲಗೆ ತಂದೆ, ಕಾಕಾ ಮತ್ತು ಶಿವಪುತ್ರಪ್ಪ ಹಿಂದೆ ನಡೆದು ಬಂದರು.

ಬಂದು ನೋಡಿದರೆ ಕಾಕಾನ ಬಲಗಾಲಿನಲ್ಲಿ ಚಪ್ಪಲಿ ಇಲ್ಲ. ಮಣ್ಣಿನ ಹೆಂಟೆಗಳ ನಡುವೆ ಎಲ್ಲೋ ಕಳಚಿ ಹಿಂದೆ ಉಳಿದಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

“ಇನ್ನೊಂದನ್ನ ಬಾಡಿಗಿಗೆ ಕೊಟ್ಟು ಬಂದೀರೇನ್ರಿ ಕಾಕಾರ?” ಎಂದರು ಶಿವಪುತ್ರಪ್ಪ.

“ನಮ್ಮ ಕಾಲು ನೆಲಾ ಕಂಡಾವಲೇ, ಬಿಡು” ಎಂದು ಕಾಕಾ ನಕ್ಕು ಎಡಗಾಲಿನದನ್ನೂ ಬಿಟ್ಟರು. ನಾನೂ ನಕ್ಕೆ.

ಪರೀಕ್ಷೆ ಸರಳ. ರಸ್ತೆಗೆ ಅಡ್ಡ ಸುಣ್ಣದ ಗೆರೆ ಎಳೆದು, ನಲವತ್ತು ಕಿಲೋಮೀಟರ್ ವೇಗದಲ್ಲಿ ಬಂದು, ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಒತ್ತಬೇಕು. ಗೆರೆಯಿಂದ ಕಾರು ನಿಂತ ಜಾಗದವರೆಗಿನ ಅಂತರವನ್ನು ಟೇಪು ಹಿಡಿದು ಅಳೆಯುವುದು. ಪ್ಯಾಡುಗಳು ಹೊಂದಿಕೊಳ್ಳಲೆಂದು ಹತ್ತಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಆಮೇಲೆ ಮೂರು ಸಲ ಅಳೆದೆ. ಮೂರೂ ಹತ್ತು ಮೀಟರಿನ ಆಸುಪಾಸು. ಒಳ್ಳೆಯ ಬ್ರೇಕು.

ಆಮೇಲೆ ಕಾಕಾ ಕೂತರು, ನಾನು ಪಕ್ಕದಲ್ಲಿ. ಹದಿನೇಳು ಮೀಟರ್.

“ಸ್ಟಾಪ್ ದಾಟಿಸಿ ನಿಲ್ಲಿಸೂ ಚಟ ಇನ್ನೂ ಹೋಗಿಲ್ಲ ನೋಡ್ರಿ” ಎಂದು ಶಿವಪುತ್ರಪ್ಪ ದೂರದಿಂದಲೇ ಕೂಗಿದರು. ಕಾಕಾ ನಗಲಿಲ್ಲ. ಇನ್ನೊಮ್ಮೆ ಎಂದರು. ಹತ್ತೊಂಬತ್ತು.

ಡಿಸ್ಕಿನಲ್ಲಿ ಇನ್ನೂ ಎಣ್ಣೆ ಉಳಿದಿರಬೇಕು ಎಂದುಕೊಂಡೆ. ಇಳಿದು, ಮತ್ತೆ ತೊಳೆದು, ನಾನೇ ಓಡಿಸಿದೆ. ಹತ್ತೇ ಮೀಟರ್. ಟೈರಿನ ಗಾಳಿ ನೋಡಿದೆ, ಬ್ರೇಕ್ ಆಯಿಲ್ ನೋಡಿದೆ. ಕಾರಿನಲ್ಲಿ ತಪ್ಪು ಸಿಗಲಿ ಎಂದು ಹುಡುಕುತ್ತಿದ್ದೇನೆಂದು ನನಗೆ ಅರಿವಾದದ್ದು ಅಲ್ಲಿ, ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಾಗ.

ಮೂರನೆಯ ಸಲ ನಾನು ರಸ್ತೆಯನ್ನು ಬಿಟ್ಟು ಕಾಕಾನ ಮುಖವನ್ನೇ ನೋಡುತ್ತ ಕುಳಿತೆ. ಗೆರೆ ಹತ್ತಿರ ಬಂದಾಗ ಅವರ ತಲೆ ಬಗ್ಗಿತು. ಪೆಡಲ್ ಎಲ್ಲಿದೆ ಎಂದು ಕಣ್ಣಿನಿಂದ ನೋಡಿ, ಆಮೇಲೆ ಕಾಲಿಟ್ಟರು. ಬಸ್ಸು, ವ್ಯಾನುಗಳಲ್ಲಿ ಪೆಡಲುಗಳು ದೊಡ್ಡವು, ನಡುವೆ ಅಂತರ ಜಾಸ್ತಿ. ಸ್ಪೋರ್ಟ್ಸ್ ಕಾರಿನಲ್ಲಿ ಅವು ಸಣ್ಣವು, ಒಂದಕ್ಕೊಂದು ಒತ್ತಾಗಿ ಇರುತ್ತವೆ. ಅಂಗಾಲು ಬ್ರೇಕು, ಆಕ್ಸಿಲರೇಟರ್ ಎರಡರ ಮೇಲೂ ಬಿತ್ತು. ಎಂಜಿನ್ ಅರಚಿತು, ಕಾರು ಮುಂದಕ್ಕೆ ಹಾರಿತು. ನಾನು ಹ್ಯಾಂಡ್ ಬ್ರೇಕ್ ಎಳೆದೆ. ಪ್ಲಾಟಿನ ನಂಬರ್ ಕಲ್ಲಿಗೆ ಒಂದು ಮೊಳ ಇರುವಾಗ ನಿಂತೆವು.

ಕಾಕಾ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡೇ ಇದ್ದರು. “ಪೆಡಲ್ ಭಾಳ ಸಣ್ಣವ” ಎಂದರು. ಓಡಿ ಬಂದ ಶಿವಪುತ್ರಪ್ಪನವರಿಗೆ ರಾತ್ರಿ ಫೋನ್ ಮಾಡುವುದಾಗಿ ಹೇಳಿ ಹೊರಟೆವು. ಅಣ್ಣಿಗೇರಿವರೆಗೆ ನನ್ನ ಗಾಡಿಯನ್ನು ನಾನೇ ಓಡಿಸಿದೆ.

ಮನೆಯ ಮುಂದೆ ಕಾಕಾ ಕಾಲು ತೊಳೆಯಲು ನಿಂತರು. ತಂಬಿಗೆಯಿಂದ ನೀರು ಹಾಕುತ್ತಿದ್ದ ಅವರ ಹೆಂಡತಿ ಗಿರಿಜಾ ಕಾಕು ಕೈ ತಡೆದರು. ನೀರು ಕೆಂಪಗೆ ಹರಿಯುತ್ತಿತ್ತು. ಕಟ್ಟೆಯ ಮೇಲೆ ಕೂರಿಸಿ ಬಲ ಅಂಗಾಲು ತಿರುಗಿಸಿದರೆ, ಜಾಲಿ ಮುಳ್ಳು. ಅರ್ಧ ಇಂಚು ಒಳಗೆ ಹೋಗಿ ಮುರಿದಿತ್ತು. ಅದನ್ನು ಇಟ್ಟುಕೊಂಡೇ ಅವರು ಮೂರು ಸಲ ಬ್ರೇಕ್ ಒತ್ತಿದ್ದರು. ಕಾಕು ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಮುಳ್ಳು ಕೀಳುವಾಗ ಕಾಕಾ ಯಾರದೋ ಕಾಲು ನೋಡುವವರಂತೆ ನೋಡುತ್ತಿದ್ದರು.

ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಲ್ಲಿ ಕೆಲವರಿಗೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಕಾಕಾನಿಗೆ ಆ ಕಾಯಿಲೆ ಇರುವುದು ಮನೆಯವರಿಗೆಲ್ಲ ತಿಳಿದದ್ದೇ. ಪಾದದ ವಿಷಯ ಕಾಕುಗೆ ಮಾತ್ರ ಗೊತ್ತಿತ್ತು.

“ಹೋದ ತಿಂಗಳು ಕಾದ ನೀರಾಗ ಕಾಲಿಟ್ಟು ಬೊಬ್ಬಿ ಬಂದ್ರೂ ಅರಿವಿಲ್ಲವ್ವಾ ಇವರಿಗೆ” ಎಂದರು ಮೆಲ್ಲಗೆ. “ಯಾರ ಮುಂದೂ ಹೇಳಬ್ಯಾಡ ಅಂದ್ರು.”

“ಕಾಕಾ, ನಾಳೆ ವ್ಯಾನ್ ತಗೀಬ್ಯಾಡ್ರಿ” ಎಂದೆ.

“ಗಾಡಿ ನೋಡಾಕ ನಿನ್ನ ಕರದಿದ್ದೆ. ನನ್ನ ನೋಡಂತ ಕರದಿದ್ದಿಲ್ಲ.”

“ಹನ್ನೊಂದು ಹುಡುಗ್ರು ಕೂಡ್ತಾವ್ರಿ ಅದರಾಗ.”

“ಮೂವತ್ಮೂರು ವರ್ಷದಾಗ ನನ್ನ ಗಾಲಿಗೆ ಒಂದು ಕೋಳಿ ಸತ್ತಿಲ್ಲ.”

“ಆವಾಗ ಕಾಲಿಗೆ ಗೊತ್ತಾಗ್ತಿತ್ತು, ಕಾಕಾ.”

ಅವರು ಎದ್ದು ಒಳಗೆ ಹೋದರು. ನಡೆಯುವಾಗಲೂ ಹೊಸ್ತಿಲನ್ನು ನೋಡಿ ಕಾಲೆತ್ತಿದರು. ಇಷ್ಟು ದಿನ ಅದನ್ನು ನಾನು ವಯಸ್ಸು ಎಂದುಕೊಂಡಿದ್ದೆ.

ಆ ಸಂಜೆ ಅವರ ಮನೆಯಲ್ಲೇ ಉಳಿದು ವರದಿ ಬರೆಯಲು ಕುಳಿತೆ. ಕಾರಿನ ಮಟ್ಟಿಗೆ ಸಂಶಯವಿರಲಿಲ್ಲ: ಎಂಜಿನ್ ಉತ್ತಮ, ಚಾಸಿ ನೇರ, ಬ್ರೇಕ್ ಸರಿಪಡಿಸಿದೆ, ಕೇಳಿದ ಬೆಲೆಗೆ ಯೋಗ್ಯ. ಓಡಿಸುವವರ ಬಗ್ಗೆ ಬರೆಯಲು ನಮ್ಮ ನಮೂನೆಯಲ್ಲಿ ಜಾಗವಿಲ್ಲ. ಎದ್ದು ಓಡಾಡಿದೆ, ಮತ್ತೆ ಕುಳಿತೆ. ಹೊರಗೆ ಅಂಗಳದಲ್ಲಿ ಶಾಲೆಯ ವ್ಯಾನ್ ನಿಂತಿತ್ತು. ಕಿಟಕಿಯಿಂದ ಅದು ಕಾಣದ ಕಡೆ ಕುರ್ಚಿ ಎಳೆದುಕೊಂಡರೂ ಅದು ಇರುವುದನ್ನು ಮರೆಯಲಾಗಲಿಲ್ಲ. ಕೊನೆಗೆ ಶಿಫಾರಸಿನ ಕೆಳಗೆ ಒಂದು ಸಾಲು ಸೇರಿಸಿದೆ: ಈ ಖರೀದಿದಾರರು ವೈದ್ಯಕೀಯ ತಪಾಸಣೆಯಾಗುವವರೆಗೆ ಯಾವ ವಾಹನವನ್ನೂ ಓಡಿಸಬಾರದು. ಶಿವಪುತ್ರಪ್ಪನವರಿಗೆ ಫೋನ್ ಮಾಡಿ, ಗದಗಿನವರು ಬಂದರೆ ತೋರಿಸಿರಿ ಎಂದೆ. ಪಕ್ಕದ ಕೋಣೆಯಲ್ಲಿದ್ದ ಕಾಕಾನಿಗೆ ಅದು ಕೇಳಿಸಿತು. ಕಾರು ಆಮೇಲೆ ಗದಗಿಗೇ ಹೋಯಿತು.

ವಾಹನವನ್ನು ಅದರಷ್ಟಕ್ಕೇ ಅಳೆದು ಮುಗಿಸಬಹುದು ಎಂದು ನಂಬಿ ನಾನು ಈ ಕೆಲಸಕ್ಕೆ ಬಂದವಳು. ಬ್ರೇಕಿನ ಅಂತರ ಓಡಿಸುವವರ ಅಂಗಾಲಿನಿಂದ ಶುರುವಾಗುತ್ತದೆ ಎಂಬುದನ್ನು ಕಲಿಸಿದ್ದು ಆ ಭಾನುವಾರ. ಈಗ ಯಾವ ತಪಾಸಣೆಯಲ್ಲೂ ಕೊಳ್ಳುವವರೇ ಒಂದು ಸುತ್ತು ಓಡಿಸಬೇಕು ಎನ್ನುತ್ತೇನೆ. ನಾನು ಪಕ್ಕದಲ್ಲಿ ಕುಳಿತು ಅವರ ಕಣ್ಣು ನೋಡುತ್ತೇನೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ.

ಆ ಭಾನುವಾರದ ಮರುದಿನ ಮುಂಜಾನೆ ಕಾಕಾ ಎಂದಿನಂತೆ ವ್ಯಾನಿನ ಗಾಜು ಒರೆಸುತ್ತಿದ್ದರು. ನಾನು ಅಂಗಳದಲ್ಲೇ, ಅವರಿಗೆ ಕೇಳುವಂತೆ ನಿಂತು ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದೆ. ಚನ್ನಪ್ಪನವರ ಅಣ್ಣನ ಮಗಳು ಎಂದು ಹೇಳಿ, ಅವರ ಬಲಗಾಲಿನಲ್ಲಿ ಸ್ಪರ್ಶವಿಲ್ಲ, ಡಾಕ್ಟರಿಗೆ ತೋರಿಸಬೇಕಾಗಿದೆ, ಬೇರೆ ಚಾಲಕರನ್ನು ನೋಡಿಕೊಳ್ಳಬೇಕು, ಇವತ್ತಿನ ಮಟ್ಟಿಗೆ ಮಕ್ಕಳ ಮನೆಗಳಿಗೂ ತಿಳಿಸಬೇಕು ಎಂದೆ. ಕಾಕಾ ಒರೆಸುವುದನ್ನು ನಿಲ್ಲಿಸಲಿಲ್ಲ. ಫೋನಿಟ್ಟು ಕೈ ಚಾಚಿದೆ. ಅವರು ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ. ಬಾನೆಟ್ ಮೇಲಿಟ್ಟು ಒಳಗೆ ಹೋದರು. ಅದನ್ನು ತೆಗೆದುಕೊಂಡು, ವ್ಯಾನ್ ಮೊದಲು ನಿಲ್ಲುವ ಬೇವಿನ ಮರದ ಹತ್ತಿರ ನಡೆದು ಹೋದೆ. ನಾಲ್ಕು ಮಕ್ಕಳು ಚೀಲ ಹೊತ್ತು ನಿಂತಿದ್ದವು, ಜೊತೆಗೆ ಒಬ್ಬ ತಾಯಿ. ವ್ಯಾನ್ ಇವತ್ತು ಬರುವುದಿಲ್ಲ ಎಂದು ಆಕೆಗೆ ಹೇಳಿದೆ.

“ಯಾಕ್ರಿ, ಗಾಡಿ ಕೆಟ್ಟೈತೇನ್ರಿ?”

“ಗಾಡಿ ಚಲೋ ಐತ್ರಿ” ಎಂದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅವರೊಡನೆ ಶಾಲೆಯವರೆಗೆ ನಡೆದೆ.